ಮುದಕವ್ವನ ಹುಳ, ಮಲ್ಲಿಕಸಾಬರ ಮಿಶೀನು

ಗುದ್ಲೆಪ್ಪ ಕುರ್ಚಿಯಿಂದ ಹಾರಿದ ರಭಸಕ್ಕೆ ಯಲವಿಗಿ ಶಾಲೆಯ ಪಡಸಾಲೆ ಒಮ್ಮೆ ನಡುಗಿ ನಿಂತಿತು. ಕೊರಳಿಗೆ ಕಟ್ಟಿದ ಬಿಳಿ ವಸ್ತ್ರ ಹಾಗೆಯೇ ಇತ್ತು, ತೆರೆದ ಬಾಯಿ ತೆರೆದೇ ಇತ್ತು. ಹೆಡ್‌ಮಾಸ್ತರರು ಅಂಗಿಯ ಚುಂಗು ಹಿಡಿಯುವಷ್ಟರಲ್ಲಿ ಅವನು ಅಂಗಳ ದಾಟಿ, ಗೋಡೆ ಹಾರಿ, ಆಚೆ ಬದಿಯ ಬೇವಿನ ಮರದ ತುದಿಯಲ್ಲಿದ್ದ. ತಡವಾದ ದಿನ ಹರಿಹರದ ಗಾಡಿಯೂ ಅಷ್ಟು ಜೋರಾಗಿ ಓಡಿದ್ದಿಲ್ಲ.

ಶೇಖವ್ವ ನಕ್ಕಳು. ಅವಳದು ಸಣ್ಣ ನಗೆಯಲ್ಲ. ಸ್ಟೇಶನ್ನಿನಲ್ಲಿ ಹತ್ತಿಯ ಅಂಡಿಗೆ ಹೊರುತ್ತಿದ್ದ ಹಮಾಲರು ಕೆಲಸ ಬಿಟ್ಟು, ಯಾವ ಗಾಡಿ ಸೀಟಿ ಹಾಕಿತು ಎಂದು ಹಳಿಯ ಕಡೆ ನೋಡಿದರಂತೆ.

"ಸಾಸಿವಿಕಾಳಿನಷ್ಟು ಸೂಜಿಗೆ ಅಂಜಿ ಗಿಡಾ ಏರ್‍ಯಾನ ನೋಡ್ರಿ, ಶೂರ," ಎಂದಳು. ನಾಲ್ಕನೇ ಇಯತ್ತೆಯ ಹುಡುಗಿಯರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದರು.

ಸೂಜಿ ಸಣ್ಣದೇ. ಆದರೆ ಅದಕ್ಕೆ ಬೆನ್ನೆಲುಬಾಗಿ ನಿಂತದ್ದು ಒಂದು ದೊಡ್ಡ ಮಿಶೀನು. ಹುಬ್ಬಳ್ಳಿಯ ಹಲ್ಲಿನ ಡಾಕ್ಟರ್ ಮಲ್ಲಿಕಸಾಬರು ಅದನ್ನು ಎರಡು ಪೆಟ್ಟಿಗೆಯಲ್ಲಿ ತುಂಬಿ ರೈಲಿನಲ್ಲಿ ತಂದಿದ್ದರು. ದರ್ಜಿಯ ಹೊಲಿಗೆ ಮಿಶೀನಿನ ಮೇಜು ಕಿತ್ತೊಗೆದು, ಅದಕ್ಕೊಂದು ಕೊಕ್ಕರೆಯ ಕುತ್ತಿಗೆ ಹಚ್ಚಿದರೆ ಹೇಗೋ ಹಾಗಿತ್ತು ಅದು. ಕೆಳಗೆ ಕಾಲಿನಿಂದ ತುಳಿಯುವ ಪೆಡಲು, ಪಕ್ಕದಲ್ಲಿ ದೊಡ್ಡ ಗಾಲಿ. ಗಾಲಿಯಿಂದ ಒಂದು ಹುರಿ ಕಂಬದ ಗುಂಟ ಮೇಲೇರಿ, ಕೊಕ್ಕರೆಯ ಕುತ್ತಿಗೆಯ ಗುಂಟ ಇಳಿದು, ಡಾಕ್ಟರ ಕೈಯಲ್ಲಿದ್ದ ಪೆನ್ನಿನಂಥ ಹಿಡಿಕೆಗೆ ಸೇರುತ್ತಿತ್ತು. ಹಿಡಿಕೆಯ ತುದಿಯಲ್ಲಿ ಆ ಸೂಜಿ. ಡಾಕ್ಟರು ತುಳಿದರೆ ಗಾಲಿ ತಿರುಗುತ್ತಿತ್ತು. ಗಾಲಿ ತಿರುಗಿದರೆ ಸೂಜಿ ಗರಗರ ತಿರುಗುತ್ತಿತ್ತು. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಡಾಕ್ಟರ ಬಲಗಾಲೇ ಆ ಮಿಶೀನಿಗೆ ಕರೆಂಟು.

ಹಲ್ಲಿನ ತೂತಿನಲ್ಲಿ ಕೊಳೆತದ್ದನ್ನೆಲ್ಲ ಸೂಜಿ ಕೆರೆದು ತೆಗೆಯುತ್ತದೆ, ಆಮೇಲೆ ತೂತಿಗೆ ಬೆಳ್ಳಿ ತುಂಬಿ ಮುಚ್ಚುತ್ತಾರೆ ಎಂದು ಹೆಡ್‌ಮಾಸ್ತರರು ಬೆಳಿಗ್ಗೆ ಪ್ರಾರ್ಥನೆಯಲ್ಲಿ ತಿಳಿಸಿ ಹೇಳಿದ್ದರು. ಆಗಲೇ ಶೇಖವ್ವ ಮೂಗು ಮುರಿದಿದ್ದಳು. ಕೊಳೆತದ್ದಂತೆ, ಬೆಳ್ಳಿಯಂತೆ! ಹಲ್ಲಿನಲ್ಲಿ ಇರುವುದು ಹುಳ. ಹುಳ ತೆಗೆದರೆ ನೋವು ಹೋಗುತ್ತದೆ. ಇಷ್ಟೂ ಗೊತ್ತಿಲ್ಲದವರು ಹುಬ್ಬಳ್ಳಿಯಲ್ಲಿ ಡಾಕ್ಟರಾಗುತ್ತಾರೆ. ಅಲ್ಲಿ ಆಡುಗಳಿಗೂ ಡಾಕ್ಟರ ಕೆಲಸ ಕೊಡುತ್ತಿರಬೇಕು.

ಅವಳಿಗೆ ಈ ಸೊಕ್ಕು ಸುಮ್ಮನೆ ಬಂದದ್ದಲ್ಲ. ಅವಳು ಹುಳದ ಮುದಕವ್ವನ ಮೊಮ್ಮಗಳು.

ತಪಾಸಣೆಗೆ ಅವಳ ಹೆಸರು ಕೂಗಿದಾಗ ಶೇಖವ್ವ ಜಡೆ ಹಿಂದಕ್ಕೆ ಎಸೆದು, ಸಿಂಹಾಸನ ಏರುವವಳಂತೆ ಕುರ್ಚಿ ಏರಿದಳು. ಮಲ್ಲಿಕಸಾಬರು ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಬಾಯಿಯೊಳಗೆ ಬಿಟ್ಟು, ಒಂದೊಂದೇ ಹಲ್ಲು ನೋಡುತ್ತ ಹೋಗಿ ಬಲಗಡೆಯ ಕೆಳದವಡೆಯಲ್ಲಿ ನಿಂತರು. ಅಲ್ಲೊಂದು ಜೋಳದ ಕಾಳು ಕೂರುವಷ್ಟು ತೂತಿತ್ತು. ಇದು ಆರನೇ ವಯಸ್ಸಿಗೆ ಬರುವ ಹಲ್ಲು, ಬಿದ್ದರೆ ಮತ್ತೆ ಬರುವುದಿಲ್ಲ ಎಂದು ಅವರು ಹೆಡ್‌ಮಾಸ್ತರರಿಗೆ ಹೇಳಿದರು. ಈಗ ತುಂಬಿದರೆ ಮುದುಕಿಯಾಗುವ ತನಕ ಉಳಿಯುತ್ತದೆ. ಬಿಟ್ಟರೆ ಬರುವ ವರುಷ ಕೀಳುವುದೊಂದೇ ದಾರಿ. ತಾವು ನಾಡಿದ್ದು ಸಂಜೆಯ ಗಾಡಿಗೆ ಹೋಗುವವರು; ಅಷ್ಟರೊಳಗೆ ಆದರೆ ಆಯಿತು.

"ಅದರಾಗಿನ ಹುಳ ನಮ್ಮ ಆಯಿ ತಗದಾಳ್ರಿ," ಎಂದಳು ಶೇಖವ್ವ. "ಒಮ್ಮೆ ಏಳು, ಒಮ್ಮೆ ಹನ್ನೊಂದು."

ಡಾಕ್ಟರು ನಗಲಿಲ್ಲ. "ಹಂಗಾರ ಈಗ ನೋವಿಲ್ಲ?"

"ಒಂಚೂರೂ ಇಲ್ರಿ."

ಅವರು ರಬ್ಬರಿನ ಬುರುಡೆಯೊಂದನ್ನು ಅದುಮಿ, ಆ ತೂತಿನ ಮೇಲೆ ಒಂದೇ ಒಂದು ಹನಿ ತಣ್ಣೀರು ಬಿಟ್ಟರು. ಶೇಖವ್ವ ಕುರ್ಚಿಯಿಂದ ಒಂದು ಗೇಣು ಮೇಲೆದ್ದಳು. ಕೆಳಗಿಳಿದ ಮೇಲೆ, ಕುರ್ಚಿಯಲ್ಲಿ ತಗಣಿ ಇವೆ ಎಂದು ದೂರು ಕೊಟ್ಟು, ತಲೆಯೆತ್ತಿಕೊಂಡು ನಡೆದುಬಿಟ್ಟಳು.

ಮುದಕವ್ವ ಎಂದರೆ ಅವಳ ಅಪ್ಪನ ಅವ್ವ. ಮನೆಯಲ್ಲಿ ಎಲ್ಲರಿಗೂ ಆಯಿ. ಹಾನಗಲ್ಲಿನಿಂದ ಶಿಗ್ಗಾಂವದ ತನಕ, ಸವಣೂರಿನಿಂದ ಹಿರೇಕೆರೂರಿನ ತನಕ, ಯಾರ ದವಡೆ ಬಾತರೂ ಚಕ್ಕಡಿ ಹೂಡುವುದು ಅವಳ ಮನೆಗೇ. ಶೇಖವ್ವ ಹೇಳುವ ಪ್ರಕಾರ ಆಯಿ ಈವರೆಗೆ ತೆಗೆದ ಹುಳಗಳನ್ನು ಸಾಲಾಗಿ ಇಟ್ಟರೆ ಯಲವಿಗಿಯಿಂದ ಹುಬ್ಬಳ್ಳಿ ಮುಟ್ಟಿ, ಅಲ್ಲಿಂದ ತಿರುಗಿ ಬರುವಾಗ ಅರ್ಧ ದಾರಿಗೆ ಬರುತ್ತವೆ.

ಹುಳ ತೆಗೆಯುವ ರೀತಿ ಹೀಗೆ. ಒಂದು ಪರಾತದಲ್ಲಿ ನೀರು. ನೀರಿನ ನಡುವೆ ಒಂದು ಕಲ್ಲು. ಕಲ್ಲಿನ ಮೇಲೆ ಕೆಂಪಗೆ ಕಾಯಿಸಿದ ನೇಗಿಲ ಕುಳದ ತುಂಡು. ಅದರ ಮೇಲೆ ತುಪ್ಪದಲ್ಲಿ ಕಲಸಿದ ನೆಲಗುಳ್ಳದ ಬೀಜ ಒಂದು ಚಿಟಿಕೆ. ಚಟಚಟ ಎಂದು ಹೊಗೆ ಎದ್ದ ಕೂಡಲೇ ತಳ ತೂತಾದ ಗಡಿಗೆಯೊಂದನ್ನು ಬೋರಲು ಮುಚ್ಚಬೇಕು. ಆ ತೂತಿಗೆ ಪಪ್ಪಾಯಿ ಎಲೆಯ ಪೊಳ್ಳು ದೇಟು ಸಿಗಿಸಿ, ಇನ್ನೊಂದು ತುದಿಯನ್ನು ನೋಯುವ ಹಲ್ಲಿಗೆ ಹಿಡಿಯಬೇಕು. ಹೊಗೆ ಮೇಲೇರುತ್ತದೆ; ಹೊಗೆ ತಾಳದ ಹುಳಗಳು ದೇಟಿನೊಳಗಿಂದ ಕೆಳಗಿಳಿದು ಓಡುತ್ತವೆ. ಗಡಿಗೆ ಎತ್ತಿದರೆ ನೀರಿನಲ್ಲಿ ಬೆಳ್ಳಗೆ, ಸಣ್ಣಗೆ, ತುದಿ ಸುರುಳಿಯಾದ ಹುಳಗಳು ತೇಲುತ್ತಿರುತ್ತವೆ. ಆಯಿ ಅವನ್ನು ಗರಿಕೆಯ ತುದಿಯಿಂದ ಎತ್ತಿ ಎತ್ತಿ ಎಣಿಸಿ ತೋರಿಸುತ್ತಾಳೆ. ಇದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ ಕೈಗುಣ ಹೋಗುತ್ತದೆ ಎನ್ನುತ್ತಾಳೆ.

ಮಿಶೀನಿನ ಸುದ್ದಿ ಕೇಳಿ ಆಯಿ ಕೇಳಿದ್ದು ಒಂದೇ ಮಾತು.

"ಹುಳ ತೋರಸ್ತಾನೇನು ಅವ?"

"ಇಲ್ಲಬೇ. ಬಾಯಾಗ ಗಿರಣಿ ಹೊಡೀತಾನ, ಅಷ್ಟ."

"ಹುಳಾ ತೋರಸಲಾರದವ ಅವ ಎಂಥಾ ಡಾಕ್ಟರ," ಎಂದು ಆಯಿ ಎಲೆಯಡಿಕೆಯ ಸಂಚಿ ಬಿಚ್ಚಿದಳು. ಹುಬ್ಬಳ್ಳಿಯ ಹಲ್ಲಿನ ಶಾಸ್ತ್ರಕ್ಕೆ ಅಲ್ಲಿಗೆ ಮಂಗಳವಾಯಿತು.

ಆ ಸಂಜೆ ಆಯಿ ಮೊಮ್ಮಗಳ ಹಲ್ಲಿಗೆ ಮೂರನೇ ಸಲ ಹೊಗೆ ಕೊಟ್ಟಳು. ಒಂಬತ್ತು ಹುಳ ಬಿದ್ದವು. ಹೊಗೆಗೆ ಬಾಯಿ ಮರಗಟ್ಟಿದಂತಾಗಿ ನೋವು ಮಾಯವಾಯಿತು. ಶೇಖವ್ವ ಓಣಿ ತುಂಬ ಹೇಳಿಕೊಂಡು ಬಂದಳು. ಹೇಳಿ ಮುಗಿಸಿ ಊಟಕ್ಕೆ ಕೂರುವಷ್ಟರಲ್ಲಿ ನೋವು ತಿರುಗಿ ಬಂದು ತನ್ನ ಜಾಗದಲ್ಲಿ ಕೂತಿತ್ತು. ಅವಳು ರೊಟ್ಟಿಯನ್ನು ಎಡಗಡೆಗೆ ಸರಿಸಿ ಅಗಿದಳು. ಎರಡು ತಿಂಗಳಿಂದ ಹಾಗೆಯೇ ಅಗಿಯುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಹುಳದ ಮುದಕವ್ವನ ಮೊಮ್ಮಗಳದೇ ಹಲ್ಲು ನೆಟ್ಟಗಾಗಿಲ್ಲ ಎಂದು ತಿಳಿದರೆ ಊರಲ್ಲಿ ಆಯಿಯ ಹೆಸರು ಏನಾಗಬೇಕು?

ಮರುದಿನ ಬೆಳಿಗ್ಗೆ ಒಂದು ಗುಟುಕು ನೀರು ಕುಡಿದಳು. ಕಣ್ಣ ಮುಂದೆ ನಕ್ಷತ್ರಗಳು ಬಂದು ಕುಣಿದು ಹೋದವು.

ಶಾಲೆಯಲ್ಲಿ ಗುದ್ಲೆಪ್ಪ ಕಾಯುತ್ತಿದ್ದ. ಮರದಿಂದ ಇಳಿದಿದ್ದನಾದರೂ ಕಾಲು ಇನ್ನೂ ಓಡುವ ಭಂಗಿಯಲ್ಲೇ ಇತ್ತು.

"ನಾ ಓಡಿದ್ದು ಖರೇ," ಎಂದ ಅವನು. "ನಕ್ಕಾಕಿ ನೀನರ ಕುಂತು ತೋರಸು."

ಶೇಖವ್ವ ಅವನನ್ನು ಅಡಿಯಿಂದ ಮುಡಿಯ ತನಕ, ಕೆಟ್ಟುಹೋದ ಬದನೆಕಾಯಿ ನೋಡುವಂತೆ ನೋಡಿದಳು. ಕೂರುತ್ತೇನೆ, ಕೂತೇ ಕೂರುತ್ತೇನೆ ಎಂದಳು. ಆ ಮಿಶೀನಿಗೆ ಒಂದೂ ಹುಳ ಸಿಗುವುದಿಲ್ಲ, ಅದನ್ನು ಊರಿಗೆಲ್ಲ ತೋರಿಸುವುದಕ್ಕೇ ಕೂರುತ್ತೇನೆ ಎಂದು ಸಾರಿದಳು. ಬೆಳಗಿನ ನೀರಿನ ಗುಟುಕಿನ ಸುದ್ದಿಯನ್ನು ಮಾತ್ರ ಅವಳು ತನಗೆ ತಾನೂ ಹೇಳಿಕೊಳ್ಳಲಿಲ್ಲ.

ಮಲ್ಲಿಕಸಾಬರು ಕೊರಳಿಗೆ ವಸ್ತ್ರ ಕಟ್ಟಿದರು. ಮೊದಲು ಮಿಶೀನು ನಿಲ್ಲಿಸಿಯೇ ಸೂಜಿಯನ್ನು ಅವಳ ಬೆರಳಿಗೆ ಮುಟ್ಟಿಸಿದರು. ಆಮೇಲೆ ಮೆಲ್ಲಗೆ ತುಳಿದು, ತಮ್ಮದೇ ಹೆಬ್ಬೆಟ್ಟಿನ ಉಗುರಿಗೆ ಹಿಡಿದು ತೋರಿಸಿದರು. ಉಗುರಿನ ಮೇಲೆ ಒಂದು ಗೀರು ಬಿತ್ತು, ಚಿಟಿಕೆ ಹುಡಿ ಹಾರಿತು.

"ನೋವಾದ್ರ ಎಡಗೈ ಎತ್ತು," ಎಂದರು. "ನೀ ಕೈ ಎತ್ತಿದಿ ಅಂದ್ರ ನನ್ನ ಕಾಲ ನಿಂತಂಗ."

ದೊಡ್ಡವರು ಇಂಥ ಮಾತನ್ನು ನೂರು ಹೇಳುತ್ತಾರೆ. ಸೂಜಿ ಬಾಯಿಗೆ ಬರುವ ಮೊದಲೇ ಶೇಖವ್ವ ಕೈ ಎತ್ತಿ ಪರೀಕ್ಷೆ ಮಾಡಿದಳು. ಗಾಲಿ ನಿಂತಿತು. ಇಳಿಸಿದಳು, ಗಾಲಿ ತಿರುಗಿತು. ಎತ್ತಿದಳು, ನಿಂತಿತು. ಹುಬ್ಬಳ್ಳಿಯ ಡಾಕ್ಟರನ್ನು ಬೆರಳ ತುದಿಯಲ್ಲಿ ಕುಣಿಸಿದವರು ಇಡೀ ತಾಲೂಕಿನಲ್ಲಿ ಅವಳೊಬ್ಬಳೇ.

ಆಮೇಲೆ ಸೂಜಿ ಹಲ್ಲಿಗೆ ಮುಟ್ಟಿತು.

ಅವಳ ತಲೆಬುರುಡೆಯೊಳಗೆ ಸವಣೂರಿನ ಹಿಟ್ಟಿನ ಗಿರಣಿ ಬಂದು ಕೂತಿತು. ಅದರ ಜೊತೆ ಎರಡು ರೈಲೂ ಬಂದವು. ಕಿವಿಯೊಳಗೆ ಗುರ್ರ್ ಎಂದಿತು, ಕಣ್ಣು ಗದಗದ ನಡುಗಿತು. ಎತ್ತಿನ ಕೋಡು ಹೆರೆಯುವಾಗ ಬರುವಂಥ ಕಮಟು ವಾಸನೆ ಮೂಗಿಗೆ ಏರಿತು. ಡಾಕ್ಟರು ಎರಡೇ ತುಳಿತ ತುಳಿದು ಎತ್ತುತ್ತಿದ್ದರು, ಸೂಜಿ ಕಾಯದಂತೆ ನೀರು ಬಿಡುತ್ತಿದ್ದರು, ಉಗುಳು ಎನ್ನುತ್ತಿದ್ದರು. ಮತ್ತೆ ಎರಡು ತುಳಿತ. ಒಮ್ಮೆ ಚುಳ್ಳೆಂದಿತು. ಅವಳ ಕೈ ಪೂರ್ತಿ ಏಳುವ ಮೊದಲೇ ಗಾಲಿ ನಿಂತಿತ್ತು.

ಅವಳು ಹದಿನಾಲ್ಕು ಸಲ ಕೈ ಎತ್ತಿದಳು. ನಾಲ್ಕು ಸಲ ನೋವಿಗೆ. ಹತ್ತು ಸಲ, "ಹುಳಾ ಎಲ್ಲಿ ಐತಿ, ತೋರಸ್ರಿ," ಎಂದು ಕೇಳುವುದಕ್ಕೆ. ಡಾಕ್ಟರು ಪ್ರತಿ ಸಲವೂ ತುಳಿಯುವುದನ್ನು ನಿಲ್ಲಿಸಿ, ಚಮಚೆಯಂಥ ಸಣ್ಣ ಕಡ್ಡಿಯಿಂದ ತೆಗೆದದ್ದನ್ನು ಬಟ್ಟಲಲ್ಲಿ ತೋರಿಸಿದರು. ನೆನೆದ ಹುಣಸೆ ಸಿಪ್ಪೆಯಂಥ ಕಂದು ಚೂರು, ಮತ್ತೆ ಬಿಳಿ ಹುಡಿ. ಮೆತ್ತಗಿರುವ ತನಕ ಕೆರೆಯುವುದು, ಗಟ್ಟಿ ಹಲ್ಲು ಸಿಕ್ಕ ಕೂಡಲೇ ಬಿಡುವುದು, ತಮಗೆ ಗೊತ್ತಿರುವುದು ಇಷ್ಟೇ ಎಂದರು.

ಕೊನೆಗೆ ಪುಟ್ಟ ಗಾಜಿನ ಕಲ್ಲಿನಲ್ಲಿ ಬೆಳ್ಳಿಯ ಹುಡಿಗೆ ಪಾದರಸ ಹಾಕಿ ಅರೆದರು, ಬಟ್ಟೆಯಲ್ಲಿ ಹಿಂಡಿದರು, ಬೆಣ್ಣೆಯಂತಾದ ಅದನ್ನು ತೂತಿಗೆ ಒತ್ತಿ ಒತ್ತಿ ತುಂಬಿದರು. ನಾಳೆಯ ತನಕ ಆ ಕಡೆ ಅಗಿಯಬೇಡ ಎಂದರು.

ಶೇಖವ್ವ ಕುರ್ಚಿ ಇಳಿದು ಪಡಸಾಲೆಯ ಮೆಟ್ಟಿಲ ಮೇಲೆ ನಿಂತಳು. ಊರಿಗೆ ಊರೇ ಕಾಯುತ್ತಿತ್ತು. ಊರೆಂದರೆ ನಾಲ್ಕನೇ ಇಯತ್ತೆ.

"ಒಂದೂ ಸಿಗಲಿಲ್ಲ," ಎಂದಳು. "ಇಷ್ಟ ದೊಡ್ಡ ಮಿಶೀನಾ ತಂದು, ತಾಸಗಟ್ಟಲೆ ತುಳದು, ಹುಣಸಿ ಸಿಪ್ಪಿ ತಗದ ನಿಮ್ಮ ಡಾಕ್ಟರ."

ಮಧ್ಯಾಹ್ನ ಆಗುವಷ್ಟರಲ್ಲಿ ಆ ಮಾತು ಬಾವಿಕಟ್ಟೆ ದಾಟಿ ಸ್ಟೇಶನ್ನು ಮುಟ್ಟಿತ್ತು. ಹುಡುಗರು ಒಂದು ಕಾಲು ಕುಣಿಸುತ್ತ, ಕೈಯಲ್ಲಿ ಕಡ್ಡಿ ಹಿಡಿದು, ಗರ್ರ್ ಎನ್ನುತ್ತ ಡಾಕ್ಟರ ಎದುರೇ ಮೆರವಣಿಗೆ ಹೋದರು. ಹಿಂದಿನ ದಿನ ಹೆಸರು ಬರೆಸಿದ್ದ ಹನ್ನೆರಡು ಮಂದಿಯಲ್ಲಿ ಹತ್ತು ಮಂದಿ ಬರಲೇ ಇಲ್ಲ. ಮಲ್ಲಿಕಸಾಬರು ಖಾಲಿ ಕುರ್ಚಿಯ ಪಕ್ಕ ಸ್ಟೂಲಿನ ಮೇಲೆ ಕೂತು ಸೂಜಿಗಳನ್ನು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಶಾಲೆ ಬಿಟ್ಟಾಗ ಶೇಖವ್ವನನ್ನು ಕರೆದು ಕೇಳಿದರು.

"ನಿಮ್ಮ ಆಯಿ ತಗದ ಹುಳ ಒಂದ ತಂದು ತೋರಸ್ತಿ ಏನು? ಇಪ್ಪತ್ತು ವರ್ಷಾತು ಹಲ್ಲ ನೋಡಾಕತ್ತು, ನಾ ಒಂದೂ ಕಂಡಿಲ್ಲ."

ಸೋತವನ ಮಾತು ಹೀಗೆಯೇ ಇರುತ್ತದೆ ಎಂದುಕೊಂಡಳು ಶೇಖವ್ವ. ಒಂದಲ್ಲ, ಬೆಂಕಿಪೊಟ್ಟಣದ ತುಂಬ ತಂದುಕೊಡುವುದಾಗಿ ಮಾತು ಕೊಟ್ಟಳು.

ಮನೆಯಲ್ಲಿ ಯಾರೂ ಇರಲಿಲ್ಲ. ಆಯಿ, ಅವ್ವ, ಅಪ್ಪ ಎಲ್ಲರೂ ಹತ್ತಿಯ ಹೊಲಕ್ಕೆ ಕಳೆ ತೆಗೆಯಲು ಹೋಗಿದ್ದರು. ಹೊಗೆ ಹಾಕುವುದನ್ನು ಸಾವಿರ ಸಲ ನೋಡಿದವಳಿಗೆ ಅದೇನು ದೊಡ್ಡದಲ್ಲ. ಬೇಕಾದದ್ದು ಒಂದು ಕೆಟ್ಟ ಹಲ್ಲು. ಗುದ್ಲೆಪ್ಪನ ಬಾಯಲ್ಲಿ ಅಂಥವು ಬೇಕಾದಷ್ಟಿದ್ದವು. ಬರುವುದಿಲ್ಲ ಎಂದ ಅವನನ್ನು, ಹೊಗೆಗೂ ಅಂಜುತ್ತೀಯಾ ಎಂದು ಓಣಿಯ ಮಂದಿಯ ಎದುರು ಕೇಳಿದಳು. ಬಂದ.

ಪರಾತಕ್ಕೆ ನೀರು ಹಾಕಿದಳು. ಕಲ್ಲಿಟ್ಟಳು. ಕುಳದ ತುಂಡನ್ನು ಒಲೆಯಲ್ಲಿ ಕಾಯಿಸಿ ಇಕ್ಕಳದಿಂದ ಎತ್ತಿ ಕಲ್ಲಿನ ಮೇಲಿಟ್ಟು, ಬೀಜ ಉದುರಿಸಿ, ಗಡಿಗೆ ಬೋರಲು ಮುಚ್ಚಿದಳು. ಒಳಗೆ ಚಟಚಟ ಸದ್ದಾಯಿತು. ತೂತಿನಿಂದ ಹೊಗೆ ಬುಸ್ಸೆಂದಿತು. ದೇಟು ತೆಗೆದುಕೊಂಡು ತಿರುಗಿದರೆ ಗುದ್ಲೆಪ್ಪ ಇರಲಿಲ್ಲ. ಹಿತ್ತಲ ಬಾಗಿಲು ಮಾತ್ರ ತೂಗಾಡುತ್ತಿತ್ತು.

ಅವನ ಏಳು ತಲೆಮಾರಿನ ಧೈರ್ಯವನ್ನು ಹೆಸರು ಹಿಡಿದು ಬೈಯುತ್ತ, ಬೀಜ ದಂಡವಾಯಿತಲ್ಲ ಎಂದು ಅವಳು ಗಡಿಗೆ ಎತ್ತಿದಳು.

ನೀರಿನಲ್ಲಿ ಹುಳಗಳಿದ್ದವು. ಹದಿಮೂರು.

ಶೇಖವ್ವ ಬಾಗಿಲ ಕಡೆ ನೋಡಿದಳು, ಕೈಯಲ್ಲಿದ್ದ ದೇಟು ನೋಡಿದಳು. ದೇಟು ಗಡಿಗೆಗೂ ತಾಗಿರಲಿಲ್ಲ, ಯಾರ ಬಾಯಿಗೂ ತಾಗಿರಲಿಲ್ಲ. ಗಡಿಗೆಯಲ್ಲಿ ಮೊದಲೇ ಅಂಟಿದ್ದವೇನೋ ಎಂದು ಅದನ್ನು ತಿಕ್ಕಿ ತೊಳೆದಳು. ಪರಾತ ತೊಳೆದಳು, ಹೊಸ ನೀರು ಹಾಕಿದಳು. ಮತ್ತೆ ಬೀಜ ಉದುರಿಸಿದಳು. ಸುತ್ತ ಯಾರೂ ಇಲ್ಲ, ಹಲ್ಲೂ ಇಲ್ಲ. ಎತ್ತಿದರೆ ಎಂಟು ಹುಳ.

ಒಂದನ್ನು ಬೆರಳಿಗೆ ಏರಿಸಿಕೊಂಡು ಬೆಳಕಿಗೆ ಹಿಡಿದಳು. ಅದಕ್ಕೆ ಕಣ್ಣಿರಲಿಲ್ಲ, ಬಾಯಿರಲಿಲ್ಲ. ಕುಳದ ಅಂಚಿನಲ್ಲಿ ಅರ್ಧ ಸಿಡಿದ ಬೀಜವೊಂದು ಉಳಿದಿತ್ತು. ಆರಿದ ಮೇಲೆ ಅದನ್ನು ಉಗುರಿನಿಂದ ಒತ್ತಿದಳು. ಒಳಗಿಂದ ಬೆಳ್ಳಗೆ, ಸಣ್ಣಗೆ, ತುದಿ ಸುರುಳಿಯಾದದ್ದು ಹೊರಗೆ ಬಂತು. ನೆನೆಸಿದ ಹೆಸರುಕಾಳಿನ ಮೊಳಕೆಯ ಹಾಗೆ.

ಅವಳು ಅಲ್ಲೇ ಕುಕ್ಕುರುಗಾಲಲ್ಲಿ ಕೂತಳು. ಆಯಿ ಎಲ್ಲರನ್ನೂ ಮೋಸ ಮಾಡಿದಳೇ? ಹಾಗಾದರೆ ಯಾರಿಂದಲೂ ಏನೂ ಯಾಕೆ ತೆಗೆದುಕೊಳ್ಳಲಿಲ್ಲ? ಒಂದೊಂದು ಹುಳವನ್ನೂ ಗರಿಕೆಯಿಂದ ಎತ್ತಿ, ಕಣ್ಣಿಗೆ ಹತ್ತಿರ ಹಿಡಿದು, ಸಿಕ್ಕೆಯಲ್ಲಾ ಕಳ್ಳ ಎನ್ನುವಂತೆ ಯಾಕೆ ನೋಡುತ್ತಿದ್ದಳು? ಆಯಿಗೂ ಗೊತ್ತಿಲ್ಲ. ಇದು ಗೊತ್ತಿರುವುದು ಇಡೀ ಲೋಕದಲ್ಲಿ ತನಗೊಬ್ಬಳಿಗೇ. ಲೋಕದಲ್ಲಿ ತನಗೊಬ್ಬಳಿಗೇ ಗೊತ್ತಿರುವ ಸಂಗತಿ ಸಿಕ್ಕರೆ ಶೇಖವ್ವ ಹಾರಿ ಕುಣಿಯಬೇಕಿತ್ತು. ಅವತ್ತು ಅವಳು ಪರಾತದ ನೀರನ್ನು ತಿಪ್ಪೆಗೆ ಚೆಲ್ಲಿ, ಎಲ್ಲವನ್ನೂ ಇದ್ದಲ್ಲಿ ಇಟ್ಟು, ಬೆಂಕಿಪೊಟ್ಟಣವನ್ನು ಒಲೆಯ ಗೂಡಿಗೆ ಸೇರಿಸಿದಳು.

ಮರುದಿನ ಬೆಳಿಗ್ಗೆ ಎದ್ದವಳೇ ನೀರು ಕುಡಿದಳು. ನಕ್ಷತ್ರ ಬರಲಿಲ್ಲ.

ಶಾಲೆಗೆ ಹೊರಡುವ ಹೊತ್ತಿಗೆ ಅಂಗಳದಲ್ಲಿ ಚಕ್ಕಡಿ ನಿಂತಿತು. ಶಿಗ್ಗಾಂವದ ಕಡೆಯ ಹಳ್ಳಿಯಿಂದ ಶಾರವ್ವ ಎನ್ನುವವಳು ಮಗಳು ಹಾಲವ್ವನನ್ನು ಕರೆದುಕೊಂಡು ಬಂದಿದ್ದಳು. ಏಳು ವರುಷದ ಹುಡುಗಿ. ಕೆನ್ನೆ ಕುಂಬಳಕಾಯಿಯಾಗಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ಅಳುವುದಕ್ಕೂ ಬಾಯಿ ತೆರೆಯಲಾರದೆ ಮೂಗಿನಲ್ಲೇ ಅಳುತ್ತಿದ್ದಳು.

"ಶಾಲಿ ಮುಂದ ಹಾದ ಬಂದ್ವಿರಿ," ಎಂದಳು ಶಾರವ್ವ. "ಅಲ್ಲಿ ಯಾರೋ ಡಾಕ್ಟರ ಕುಂತಾನ. ಆದ್ರ ಅವಗ ಒಂದ ಹುಳಾನೂ ಸಿಗಲಿಲ್ಲಂತ, ಅವನ ಕಡೆ ಹೋಗಬ್ಯಾಡ ಅಂತ ಊರಿನ ಮಂದೆಲ್ಲ ಹೇಳಿದ್ರು."

ಶೇಖವ್ವ ಹೆಗಲಿನ ಪಾಟಿಚೀಲ ಕೆಳಗಿಳಿಸಿದಳು. ಊರಿನ ಮಂದಿ ಹೇಳಿದ್ದಲ್ಲ ಅದು. ಮೆಟ್ಟಿಲ ಮೇಲೆ ನಿಂತು ತಾನು ಹೇಳಿದ್ದು.

ಆಯಿ ತಿನ್ನುತ್ತಿದ್ದ ರೊಟ್ಟಿಯ ತುಂಡು ಬದಿಗಿಟ್ಟು ಎದ್ದಳು. ಕುಳವನ್ನು ಒಲೆಗೆ ಇಟ್ಟು, ಪಪ್ಪಾಯಿ ದೇಟು ಕೊಯ್ದು ತರಲು ಮೊಮ್ಮಗಳಿಗೆ ಹೇಳಿದಳು. ಶೇಖವ್ವ ಕದಲಲಿಲ್ಲ. ಎರಡನೇ ಸಲ ಹೇಳಿದಳು. ಆಗಲೂ ಕದಲಲಿಲ್ಲ.

ಎಲ್ಲರ ಎದುರು ಹೇಳುವ ಮಾತಲ್ಲ ಅದು. ಇಡೀ ಸ್ಟೇಶನ್ನಿಗೆ ಕೇಳುವಂತೆ ಮಾತಾಡುವ ಹುಡುಗಿ ಆಯಿಯ ಸೆರಗು ಹಿಡಿದು ಒಲೆಯ ಹತ್ತಿರ ಎಳೆದುಕೊಂಡು ಹೋಗಿ, ಕಿವಿಯಲ್ಲಿ ಹೇಳಿದಳು.

"ಆಯಿ, ನೀ ಮೂರ ಸಲ ಹುಳಾ ತಗದ್ರೂ ನನ್ನ ಹಲ್ಲ ನೋವು ಹೋಗಿದ್ದಿಲ್ಲ. ನಿನ್ನೆ ಹೋತು."

ಆಯಿ ಇಕ್ಕಳಕ್ಕೆ ಚಾಚಿದ ಕೈ ಹಿಂದೆಗೆದುಕೊಂಡಳು. ಒಲೆಯಲ್ಲಿ ಕುಳ ಕೆಂಪಗಾಗುತ್ತಿತ್ತು.

"ಮತ್ತ ಮೊದಲ ಯಾಕ ಹೇಳಲಿಲ್ಲ?"

ಶೇಖವ್ವ ಆಯಿಯ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. ಬೀಜದ ಸುದ್ದಿ ನಾಲಗೆಯ ತುದಿಯ ತನಕ ಬಂದಿತ್ತು. ಅದನ್ನು ಅವಳು ಅಲ್ಲಿಯೇ ಹಿಡಿದು ನಿಲ್ಲಿಸಿದಳು.

ಆಯಿ ಹರವಿಯಿಂದ ಒಂದು ತಂಬಿಗೆ ತಣ್ಣೀರು ತುಂಬಿ ಅವಳ ಕೈಗೆ ಕೊಟ್ಟಳು. ಕುಡಿ ಎಂದಳು. ಆ ಕಡೆಯ ದವಡೆಯಲ್ಲೇ ಹಿಡಿ ಎಂದಳು. ನಲವತ್ತು ವರುಷ ಹಲ್ಲು ನೋವಿನ ಮುಖಗಳನ್ನು ನೋಡಿದ ಕಣ್ಣು ಅದು. ಅದರ ಎದುರು ಸುಳ್ಳು ನಡೆಯುತ್ತಿರಲಿಲ್ಲ. ಶೇಖವ್ವ ಕೆನ್ನೆ ಉಬ್ಬಿಸಿ ನೀರು ಹಿಡಿದು ನಿಂತಳು. ಆಯಿ ಅವಳ ಹುಬ್ಬು ನೋಡಿದಳು, ಕಣ್ಣಿನ ಅಂಚು ನೋಡಿದಳು, ಕಾಲಿನ ಬೆರಳು ಕೂಡ ನೋಡಿದಳು. ಯಾವುದೂ ಅಲುಗಲಿಲ್ಲ.

ಆಯಿ ಎಂದಿನಂತೆ ಬಲಗಾಲು ತುಸು ಎಳೆಯುತ್ತ ಹೊರಗೆ ಹೋಗಿ ಹಾಲವ್ವನ ಗದ್ದ ಹಿಡಿದೆತ್ತಿ ನೋಡಿದಳು.

"ಇದು ನನ್ನ ಕೈಲೆ ಆಗೂದಲ್ಲ," ಎಂದಳು ಶಾರವ್ವನಿಗೆ. "ಆ ಮಿಶೀನಿನವನ ಕಡೆ ಹೋಗ್ರಿ. ನಾನ ಕಳಿಸೇನಿ ಅಂತ ಹೇಳ್ರಿ."

ಶಾರವ್ವ ಹುಳದ ಮಾತು ಎತ್ತಿದಳು. ಅವನಿಗೆ ಹುಳ ಸಿಗದಿದ್ದರೆ ಸಿಗದೇ ಹೋಗಲಿ, ಹುಳವನ್ನೇನು ಸಾರು ಮಾಡಿ ಉಣ್ಣಬೇಕೇ ಎಂದು ಆಯಿ ಗದರಿದಳು. ಆ ಗದರಿಕೆಗೆ ಎತ್ತುಗಳೇ ನೊಗಕ್ಕೆ ಕುತ್ತಿಗೆ ಕೊಟ್ಟವು. ಹೇಗೂ ಶಾಲೆಗೆ ಹೋಗಬೇಕಿದ್ದ ಶೇಖವ್ವ ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಮುಂದೆ ಹೊರಟಳು.

ಓಣಿಯ ತಿರುವಿನಲ್ಲಿ ಒಮ್ಮೆ ಹಿಂದೆ ನೋಡಿದಳು. ಆಯಿ ಕಟ್ಟೆಯ ಮೇಲೆ ಕೂತು, ಬಿಟ್ಟಿದ್ದ ರೊಟ್ಟಿಯ ತುಂಡನ್ನು ಬಾಯಿಗೆ ಹಾಕಿಕೊಂಡಿದ್ದಳು. ಹಾಕಿಕೊಂಡದ್ದನ್ನು ಮೆಲ್ಲಗೆ ಎಡಗಡೆಗೆ ಸರಿಸಿದಳು. ಅಗಿಯುವಾಗ ಬಲಗೈ ತಾನಾಗಿಯೇ ಬಲಗೆನ್ನೆಯ ಹತ್ತಿರ ಹೋಗಿ, ಮುಟ್ಟದೇ ನಿಂತಿತು.

ಹುಟ್ಟಿದಾಗಿನಿಂದ ಆಯಿಯ ಜೊತೆ ಉಂಡ ಶೇಖವ್ವ ಅದನ್ನು ಕಂಡದ್ದು ಅವತ್ತೇ ಮೊದಲು. ಹಾಗೆ ಅಗಿಯುವುದು ಯಾಕೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಶೇಖಿ," ಆಯಿ ಕೂಗಿದಳು. "ಅವ ಯಾವ ಗಾಡಿಗೆ ಹೊಕ್ಕಾನ?"

"ಸಂಜೀ ಗಾಡಿಗೆ."

"ಹೋಗ್ಲಿ, ಹೋಗ್ಲಿ. ನನಗೇನ ಕೆಲಸ ಅವಂದು," ಎಂದಳು ಆಯಿ.

ಚಕ್ಕಡಿ ಮುಂದೆ ಉರುಳಿತು. ಬಾವಿಕಟ್ಟೆ ಬರುವಷ್ಟರಲ್ಲಿ ಹಿಂದೆ, ಬಹಳ ದೂರದಲ್ಲಿ, ಚಪ್ಪಲಿಯ ಸಪ್ಪಳ ಕೇಳಿಸಿತು. ಬಲಗಾಲು ತುಸು ಎ‍ಳೆದು ಇಡುವ ಆ ಸಪ್ಪಳ ಯಾರದೆಂದು ಶೇಖವ್ವನಿಗೆ ಗೊತ್ತಿತ್ತು. ಅದು ಹತ್ತು ಹೆಜ್ಜೆ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.

ತಿರುಗಿ ನೋಡಿದರೆ ಅದು ಮನೆಗೆ ಮರಳುತ್ತದೆ. ಅಷ್ಟು ಅವಳಿಗೆ ತಿಳಿಯಿತು. ಬೇವಿನ ಮರದ ಕೆಳಗಿಂದ ಗುದ್ಲೆಪ್ಪ, ಹಿಂದೆ ಬರುತ್ತಿರುವುದು ಯಾರು ನೋಡು ಎಂದು ಕೈ ಮಾಡಿ ತೋರಿಸುತ್ತಿದ್ದ. ಶೇಖವ್ವ ಅವನನ್ನೂ ನೋಡಲಿಲ್ಲ. ಎತ್ತುಗಳ ಹಗ್ಗ ಹಿಡಿದು, ನಡಿಗೆಯನ್ನು ಒಂದಿಷ್ಟು ನಿಧಾನ ಮಾಡಿದಳು.